ಉಪವಾಸದ ದಿನದ ವಡೆ

ಗಂಗರತ್ನಮ್ಮ ಹನುಮಂತನಗರದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ತಿನ್ನುವುದರಲ್ಲೂ ತಿನ್ನಿಸುವುದರಲ್ಲೂ ಎತ್ತಿದ ಕೈ. ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಎನ್.ಆರ್. ಕಾಲೋನಿಯ ಗೋದಾ ಅವಳ ಗೆಳತಿ. ಶನಿವಾರ ಅರ್ಧ ದಿನದ ಶಾಲೆ ಮುಗಿದದ್ದೇ ಇಬ್ಬರೂ ಗಂಗರತ್ನಮ್ಮನ ಮನೆಯ ರಸ್ತೆ ತುದಿಯ ಹೋಟೆಲಿಗೆ ಹೋಗಿ ಸಾಂಬಾರಿನಲ್ಲಿ ಮುಳುಗಿದ ವಡೆ ತಿಂದು, ಒಂದು ಕಾಫಿಯನ್ನು ಬೈಟು ಮಾಡಿ ಕುಡಿದು, ಹೆಡ್‌ಮಾಸ್ಟರನ್ನು ಮನಸಾರೆ ಬಯ್ದು ಮನೆ ಸೇರುತ್ತಿದ್ದರು. ಆದರೆ ಗಂಗರತ್ನಮ್ಮನ ಮನೆಯಲ್ಲಿ ಗೋದಾ ಒಂದು ದಿನವೂ ಉಂಡವಳಲ್ಲ. ಕರೆದಾಗಲೆಲ್ಲ ಹಲ್ಲುನೋವು, ಇಲ್ಲವೇ ನಾದಿನಿ ಬರುವ ದಿನ. ಇದು ಜಾತಿಯ ವಿಷಯವೇ ಸರಿ ಎಂದು ಮಗಳು ಯಶೋಧರಾ ಎಷ್ಟೋ ಸಲ ರೇಗಿದ್ದಳು. ತಾಯಿಗೆ ಅದನ್ನು ನಂಬಲು ಮನಸ್ಸಿರಲಿಲ್ಲ.

ಅವರೆಕಾಯಿ ಕಾಲದ ಒಂದು ಭಾನುವಾರ ಗೋದಾ ಕೊನೆಗೂ ಊಟಕ್ಕೆಂದು ಬಂದಳು. ಗಂಗರತ್ನಮ್ಮ ಬೆಳಿಗ್ಗೆಯಿಂದ ಕೂತು ಕಾಳು ಹಿತುಕಿ, ಈರುಳ್ಳಿ ಬೆಳ್ಳುಳ್ಳಿ ಸೋಕಿಸದೆ, ಹೊಸ ಪಾತ್ರೆಯಲ್ಲಿ ಸಾರು ಮಾಡಿದ್ದಳು. ಹೊಸ ಪಾತ್ರೆ ಯಾಕೆ ತಂದೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಹೊಟ್ಟೆ ಉರಿಯುತ್ತಿತ್ತು. ಗೋದಾ ಗೋಡೆಯ ಮೇಲಿನ ಬುದ್ಧನ ಪಟ ನೋಡಿದಳು, ಅಡುಗೆಮನೆಯ ಕಡೆ ನೋಡಿದಳು, ಕುರ್ಚಿಯ ತುದಿಯಲ್ಲಿ ಕೂತಳು.

"ಇವತ್ತು ಉಪವಾಸ ಕಣೆ ಗಂಗಾ. ರಾತ್ರಿವರೆಗೂ ಏನೂ ಮುಟ್ಟಲ್ಲ."

"ಮೊದಲೇ ಹೇಳ್ಬಾರ್ದಿತ್ತಾ?"

"ಮರ್ತೇ ಹೋಗಿತ್ತು. ಬೇಜಾರ್ ಮಾಡ್ಕೋಬೇಡ."

ಸ್ವಲ್ಪ ಹೊತ್ತು ಕೂತು ಹೊರಟವಳು ಕನ್ನಡಕವನ್ನು ಅಲ್ಲೇ ಬಿಟ್ಟಿದ್ದಳು. ಅದನ್ನು ಹಿಡಿದು ಹಿಂದೆಯೇ ಹೋದ ಗಂಗರತ್ನಮ್ಮನಿಗೆ ಗೋದಾ ಕಂಡದ್ದು ಶನಿವಾರಗಳ ಅದೇ ಹೋಟೆಲಿನಲ್ಲಿ. ಸಾಂಬಾರ್ ವಡೆಯನ್ನು ಚಮಚದಲ್ಲಿ ಮುರಿದು ಬಾಯಿಗಿಡುತ್ತಿದ್ದಳು, ಕಣ್ಣು ಅರ್ಧ ಮುಚ್ಚಿ. ಗಂಗರತ್ನಮ್ಮ ಕನ್ನಡಕವನ್ನು ಮೇಜಿನ ಮೇಲೆ ಕುಕ್ಕಿ ಎದುರಿಗೇ ಕೂತಳು.

"ತಲೆ ಸುತ್ತು ಬಂದ್ಬಿಡ್ತು ಕಣೆ," ಎಂದಳು ಗೋದಾ. "ಬಿಪಿ ಮಾತ್ರೆ ಬೇರೆ ತಗೋಬೇಕಲ್ಲ."

"ತಿನ್ನು, ತಿನ್ನು. ಈ ವಡೆ ಮಾಡೋನು ಯಾರು ಗೊತ್ತಾ? ನನ್ನ ತಮ್ಮ ಸೊಣ್ಣಪ್ಪ. ಎಷ್ಟೋ ವರ್ಷದಿಂದ ಇಲ್ಲೇ ಒಳಗಡೆ ಇದಾನೆ."

ಗಂಗರತ್ನಮ್ಮನಿಗೆ ತಮ್ಮನೇ ಇಲ್ಲ. ಸೊಣ್ಣಪ್ಪ ಎಂಬುದು ಬಾಯಿಗೆ ಬಂದ ಹೆಸರು. ಸಿಟ್ಟಿಗೆ ಸುಳ್ಳು ಹೇಳಿದವಳು, ಹೇಳಿದ ಮೇಲೆ ಒಳಗೊಳಗೇ ಬೇಡಿಕೊಂಡಳು. ತಿಂದುಬಿಡು ಮಾರಾಯ್ತಿ. ಇನ್ನೊಂದು ಚೂರು ತಿಂದರೆ ಸಾಕು, ನಿನ್ನ ಉಪವಾಸವನ್ನೂ ನಂಬುತ್ತೇನೆ, ತಲೆಸುತ್ತನ್ನೂ ನಂಬುತ್ತೇನೆ.

ಗೋದಾಳ ಚಮಚ ಅಲ್ಲೇ ನಿಂತಿತು. ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಗೆಳತಿಯ ಮುಖ ನೋಡದೆ ಎದ್ದು ಕೈ ತೊಳೆಯುವ ನಲ್ಲಿಯ ಬಳಿ ಹೋದಳು. ಬೊಗಸೆ ತುಂಬ ನೀರು ಹಿಡಿದು ಬಾಯಿ ಮುಕ್ಕಳಿಸಿ ಉಗಿದಳು. ಮತ್ತೆ ನೀರು ಹಿಡಿದಳು.