ಕೆಳಮನೆಯ ಫೋನು, ಮೇಲ್ಮನೆಯ ವೈಫೈ

ಅವಳನ್ನು ಸುತ್ತಲಿನ ನಾಲ್ಕಾರು ಬೀದಿಯವರು ವೈಫೈ ಅಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಹಿರಿಯರಾದವರ ಬಾಯಲ್ಲೂ ಅದೇ ಹೆಸರು. ಅವಳ ಗಂಡ ಟೈಲರ್. ಒಮ್ಮೆ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಹೇಳಿದ್ದ: “ನೀನು ಊರಿಗೆಲ್ಲ ಅಕ್ಕ ಆದ್ರೆ ಊರಿನ ಗಂಡಸರೆಲ್ಲ ನಂಗೆ ಭಾವಮೈದುನರು. ಎಲ್ಲರೂ ಪ್ಯಾಂಟು ಬಿಟ್ಟಿ ಹೊಲಿಸ್ಕೊಂಡು ಹೋಗ್ತಾರೆ ನೋಡು.”

ಮೊದಲು ಅವಳು ಇಂಟರ್ನೆಟ್ ಕಂಪನಿಯೊಂದರ ಸಹಾಯವಾಣಿಯಲ್ಲಿದ್ದಳು. ಕಿವಿಗೆ ಹೆಡ್‌ಫೋನು, ಎದುರಿಗೆ ಪರದೆ, ಪರದೆಯ ಮೂಲೆಯಲ್ಲಿ ಓಡುವ ಗಡಿಯಾರ. ಅದು ಕೆಂಪಗಾಗುವಷ್ಟರಲ್ಲಿ ಕರೆ ಮುಗಿಸಬೇಕು. ಇವಳ ಗಡಿಯಾರ ಸದಾ ಕೆಂಪು. ಕರೆ ಮಾಡಿದವರು ಪಾಸ್‌ವರ್ಡ್ ಹುಡುಕಲು ಕನ್ನಡಕ ತರಬೇಕು, ಕನ್ನಡಕ ಹುಡುಕಲು ಮೊಮ್ಮಗಳನ್ನು ಕೂಗಬೇಕು. ಅಲ್ಲಿಯವರೆಗೂ ಇವಳು ಕಾಯುತ್ತಿದ್ದಳು. “ನೀವು ಕೆಲಸ ಚೆನ್ನಾಗಿ ಮಾಡ್ತೀರಿ, ಆದ್ರೆ ಫೋನ್ ಇಡೋದು ಕಲೀಬೇಕು,” ಎಂದು ಮೇಲಧಿಕಾರಿ ಎಷ್ಟೋ ಸಲ ಹೇಳಿದ್ದರು. ಕೊನೆಗೆ ಕರೆಗಳಿಗೆ ಉತ್ತರಿಸಲು ಯಂತ್ರವೇ ಬಂದು, ಇವಳ ಸಾಲಿನ ಕುರ್ಚಿಗಳೆಲ್ಲ ಖಾಲಿಯಾದವು.

ಮನೆಯಲ್ಲಿ ಕೈಕಟ್ಟಿ ಕೂರುವ ಜಾಯಮಾನ ಅವಳದಲ್ಲ. ಪಕ್ಕದ ಮನೆಯವರ ಫೋನ್ ನೋಡಿಕೊಟ್ಟಳು. ಅವರು ತಮ್ಮ ನಾದಿನಿಗೆ ಹೇಳಿದರು, ನಾದಿನಿ ಬೀದಿಗೆಲ್ಲ ಹೇಳಿದಳು. ವರ್ಷ ತಿರುಗುವುದರೊಳಗೆ ಅವಳ ಹೆಗಲಿಗೊಂದು ಚೀಲ ಬಂತು: ಒಳ್ಳೆಯ ಕೇಬಲ್, ಸಣ್ಣ ಸ್ಕ್ರೂಡ್ರೈವರ್, ಪರೀಕ್ಷೆಗೊಂದು ಹಳೆಯ ರೌಟರ್, ನೀರಿನ ಬಾಟಲಿ. ಹೋದ ಮನೆಯಲ್ಲಿ ರೌಟರ್ ಪಾತ್ರೆಯ ಕಪಾಟಿನ ಹಿಂದೆ ಇರುತ್ತಿತ್ತು, ಇಲ್ಲವೇ ಧೂಳಾಗದಿರಲೆಂದು ಅದಕ್ಕೆ ಬಟ್ಟೆಯ ಮುಸುಕು ಹಾಕಿರುತ್ತಿದ್ದರು. “ಇದಕ್ಕೂ ಉಸಿರಾಡೋಕೆ ಬಿಡ್ರಪ್ಪ,” ಎಂದು ನಗುತ್ತ ಮುಸುಕು ತೆಗೆಯುತ್ತಿದ್ದಳು. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ಯುತ್ತಿರಲಿಲ್ಲ, ಗಂಡನಿಗೂ ಹೇಳುತ್ತಿರಲಿಲ್ಲ.

ಅವಳಿಗೆ ಒಂದು ದಿನ ಹಳದಿ ಗೇಟಿನ ಮನೆಯಿಂದ ಕರೆ ಬಂತು. ಅಲ್ಲಿ ಇಬ್ಬರು ಅಕ್ಕತಂಗಿಯರಿದ್ದರು. ಕೆಳಗಿನ ಮನೆಯಲ್ಲಿ ಅಕ್ಕ, ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದವರು. ಬೀದಿಗೆಲ್ಲ ಅವರು ಸಿಸ್ಟರ್. ಮಹಡಿಯ ಮೇಲೆ ತಂಗಿ, ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುವ ಟೀಚರ್. ಇಬ್ಬರಿಗೂ ಸೇರಿ ಒಂದೇ ವೈಫೈ, ರೌಟರ್ ಮಹಡಿಯಲ್ಲಿ.

“ನೋಡಮ್ಮ, ನನ್ನ ಫೋನಿಗೆ ವೈಫೈ ಬರ್ತಾನೇ ಇಲ್ಲ,” ಎಂದರು ಸಿಸ್ಟರ್. “ಸಿಮ್ಮಿಗೆ ನಾನು ನೆಟ್ ಹಾಕಿಸಲ್ಲ. ಎರಡು ಅಂಗಡಿಗೆ ತೋರಿಸ್ದೆ. ಇಬ್ಬರೂ ಹೊಸ ಫೋನ್ ತಗೊಳ್ಳಿ ಅಂದ್ರು. ಜ್ವರ ನೋಡೋ ಮೊದಲೇ ಆಪರೇಷನ್ ಅಂದ ಹಾಗಾಯ್ತು.”

ವೈಫೈ ಅಕ್ಕ ಫೋನ್ ಕೈಗೆ ತೆಗೆದುಕೊಂಡಳು. ಆರಿಸಿ ಹಾಕಿದಳು. ಅದರಲ್ಲಿ ಉಳಿದಿದ್ದ ವೈಫೈ ಹೆಸರನ್ನು ಅಳಿಸಿ, ಪಾಸ್‌ವರ್ಡ್ ಮತ್ತೆ ಹೊಡೆದಳು. ಫೋನು ‘ಜೋಡಿಸಲಾಗುತ್ತಿದೆ’ ಎಂದು ತೋರಿಸಿ, ಗಳಿಗೆ ಬಿಟ್ಟು ಕೈಚೆಲ್ಲಿತು. ತನ್ನ ಫೋನಿನಿಂದ ಹಾಟ್‌ಸ್ಪಾಟ್ ಕೊಟ್ಟು ನೋಡಿದಳು. ತಕ್ಷಣ ಹಿಡಿಯಿತು. ಅಂದರೆ ಫೋನಿನಲ್ಲಿ ದೋಷವಿಲ್ಲ. ಆಮೇಲೆ ತನ್ನ ಫೋನನ್ನು ಆ ಮನೆಯ ವೈಫೈಗೆ ಜೋಡಿಸಿದಳು. ಅದೂ ಹಿಡಿಯಿತು. ರೌಟರಿನಲ್ಲೂ ದೋಷವಿಲ್ಲ.

“ಮೇಲೆ ಹೋಗಿ ಒಂದ್ಸಲ ನೋಡ್ಕೊಂಡು ಬರ್ತೀನಿ ಸಿಸ್ಟರ್,” ಎಂದು ಚೀಲವನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದಳು.

ಟೀಚರ್ ಬಾಗಿಲಲ್ಲೇ ನಿಂತಿದ್ದರು. ರೌಟರಿನ ಸೆಟ್ಟಿಂಗ್ ನೋಡಬೇಕು ಎಂದಾಗ ಅವರ ಮುಖ ಸಪ್ಪಗಾಯಿತು. ಆದರೂ ಫೋನ್ ತೆರೆದು ಕೈಗಿತ್ತರು. ಟ್ಯೂಷನ್ ಹೊತ್ತಿನಲ್ಲಿ ಆಟವಾಡುವ ಹುಡುಗರ ಫೋನುಗಳನ್ನು ಟೀಚರ್ ಒಂದೊಂದಾಗಿ ಬ್ಲಾಕ್ ಮಾಡಿದ್ದರು. ‘ಹುಲಿ’, ‘ಹೀರೋ’, ‘ಮುಟ್ಟಿದ್ರೆ ಶಾಕ್’ ಎಂದು ಹುಡುಗರು ತಮ್ಮ ಫೋನುಗಳಿಗೆ ಇಟ್ಟುಕೊಂಡ ಹೆಸರುಗಳು ಅಲ್ಲಿದ್ದವು. ಅವುಗಳ ಕೆಳಗೆ ಸಿಸ್ಟರ್ ಫೋನೂ ಇತ್ತು.

“ಕೈತಪ್ಪಿ ಆಗಿದ್ಯಾ ಟೀಚರ್?” ಎಂದು ವೈಫೈ ಅಕ್ಕ ಮೆಲ್ಲಗೆ ಕೇಳಿದಳು.

“ಇಲ್ಲ. ಗೊತ್ತಿದ್ದೇ ಮಾಡಿದ್ದು.” ಟೀಚರ್ ಬಾಗಿಲು ಮುಂದೆ ಮಾಡಿದರು. “ಅಕ್ಕನಿಗೆ ಸಕ್ಕರೆ ಕಾಯಿಲೆ. ರಿಟೈರ್ ಆದ್ಮೇಲೆ ಬೆಳಿಗ್ಗೆಯಿಂದ ಸಂಜೆವರೆಗೂ ಒಬ್ಬನ ವಿಡಿಯೋ ನೋಡ್ತಾಳೆ. ಮಾತ್ರೆ ಬಿಡಿ, ಸೊಪ್ಪಿನ ರಸ ಕುಡೀರಿ ಅಂತಾನೆ ಅವನು. ಇವಳು ನಿಜವಾಗ್ಲೂ ಬಿಟ್ಟಿದ್ದಾಳೆ. ಮಾತ್ರೆಗಳು ಕಸದ ಬುಟ್ಟೀಲಿ ಬಿದ್ದಿದ್ದನ್ನ ನಾನೇ ನೋಡಿದೀನಿ. ನಾನು ಹೇಳಿದ್ರೆ ಕೇಳ್ತಾಳಾ? ಅವಳ ಮುಂದೆ ನಾನಿನ್ನೂ ಮೂಗು ಸುರಿಸೋ ತಂಗಿ.” ಅವರು ವೈಫೈ ಅಕ್ಕನ ಕೈ ಹಿಡಿದುಕೊಂಡರು. “ಫೋನೇ ಕೆಟ್ಟಿದೆ ಅಂತ ಹೇಳಿಬಿಡಿ. ಕಾಲಿಗೆ ಬೀಳ್ತೀನಿ.”

ವೈಫೈ ಅಕ್ಕನಿಗೆ ಅಡಕತ್ತರಿಯಲ್ಲಿ ಸಿಕ್ಕಂತಾಯಿತು. ಬ್ಲಾಕ್ ತೆಗೆಯುವುದು ಅರೆಗಳಿಗೆಯ ಕೆಲಸ. ತೆಗೆದರೆ ಆ ವಿಡಿಯೋದವನನ್ನು ಮತ್ತೆ ಒಳಗೆ ಕರೆದಂತೆ. ತೆಗೆಯದಿದ್ದರೆ, ತನ್ನನ್ನು ನಂಬಿ ಕರೆದವರಿಗೆ ಸುಳ್ಳು ಹೇಳಿದಂತೆ.

“ಕೆಟ್ಟಿದೆ ಅಂದ್ರೆ ನಾಳೆ ಹೊಸ ಫೋನ್ ತರ್ತಾರೆ. ಅದನ್ನೂ ಬ್ಲಾಕ್ ಮಾಡ್ತೀರಾ?” ಎಂದಳು. “ಸುಳ್ಳು ನನ್ನ ಬಾಯಿಂದ ಬರಲ್ಲ ಟೀಚರ್. ಆದ್ರೆ ಹೇಳ್ಬೇಕಾದೋಳು ನಾನಲ್ಲ, ನೀವು. ಬನ್ನಿ, ಜೊತೇಲಿ ನಾನಿರ್ತೀನಿ.”

ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡು ಅವಳ ಹಿಂದೆ ಇಳಿದರು.

ಟೀಚರ್ ಹೇಳಿದ್ದನ್ನು ಸಿಸ್ಟರ್ ಪೂರ್ತಿ ಕೇಳಿದರು. ಆಮೇಲೆ ತಣ್ಣಗೆ ಕೇಳಿದರು: “ಆ ತರಲೆ ಹುಡುಗರ ಸಾಲಲ್ಲಿ ನನ್ನನ್ನೂ ನಿಲ್ಲಿಸಿದ್ಯಾ?”

“ಭಯ ಆಯ್ತು ಅಕ್ಕ.”

“ಬಾಯಿ ಇರ್ಲಿಲ್ವಾ? ಹೇಳ್ಬೇಕಿತ್ತು.”

“ಹೇಳಿದ್ರೆ ಏನಂತಿದ್ದೆ? ಇಡೀ ಆಸ್ಪತ್ರೆಗೆ ಮಾತ್ರೆ ಕೊಟ್ಟೋಳಿಗೆ ನೀನೇನು ಹೇಳೋದು ಅಂತಿದ್ದೆ.”

ವೈಫೈ ಅಕ್ಕನಿಗೆ ಹೊರಟುಬಿಡೋಣವೆನ್ನಿಸಿತು, ಆದರೆ ಚೀಲ ಸಿಸ್ಟರ್ ಕುರ್ಚಿಯ ಕಾಲಿನ ಹತ್ತಿರವೇ ಇತ್ತು. ಬಗ್ಗಿ ಎತ್ತಿಕೊಳ್ಳಲು ಧೈರ್ಯ ಬರಲಿಲ್ಲ.

ಸಿಸ್ಟರ್ ಬಲಗೈಯನ್ನು ಮುಂದೆ ಚಾಚಿದರು. “ಈ ಕೈ ಒಂದು ದಿನಾನೂ ಸೂಜಿ ತಪ್ಪಿಸಿಲ್ಲ. ಎಳೆ ಮಕ್ಕಳ ನರ ಹುಡುಕ್ತಿತ್ತು. ಆ ಮಾತ್ರೆ ತಗೊಂಡ್ರೆ ಗಡಗಡ ನಡುಗುತ್ತೆ, ಮೈಯೆಲ್ಲ ಬೆವರತ್ತೆ. ಯಾಕೆ ಅಂತ ಕೇಳೋಕೆ ಹೋದ್ರೆ ಅಲ್ಲಿರೋರು ನಾನು ಕೆಲಸ ಕಲಿಸಿದ ಹುಡುಗೀರೇ. ಅವರ ಮುಂದೆ ಚೀಟಿ ಹಿಡ್ಕೊಂಡು ಬೆಂಚ್ ಮೇಲೆ ಕೂತ್ಕೊಳ್ಲಾ? ಅವನೊಬ್ಬ, ಆ ವಿಡಿಯೋದವನು, ಮಾತ್ರೆಯಿಂದ ಮೈ ನಡುಗುತ್ತೆ ಅಂತ ಬಾಯಿಬಿಟ್ಟು ಹೇಳ್ದ. ನನ್ನ ಕಷ್ಟ ಅವನಿಗಾದ್ರೂ ಗೊತ್ತಿದೆ ಅನ್ನಿಸ್ತು.”

ಟೀಚರ್ ನೆಲದ ಮೇಲೆ ಕುಸಿದು ಸಿಸ್ಟರ್ ಮೊಣಕಾಲಿಗೆ ತಲೆಯಿಟ್ಟರು. ಸಿಸ್ಟರ್ ಆ ತಲೆಯನ್ನು ನೇವರಿಸಲೂ ಇಲ್ಲ, ತಳ್ಳಲೂ ಇಲ್ಲ.

“ಬ್ಲಾಕ್ ತೆಗೀಲಾ ಟೀಚರ್?” ಎಂದು ವೈಫೈ ಅಕ್ಕ ಕೇಳಿದಳು.

“ತೆಗೀರಿ.”

“ಬೇಡ,” ಎಂದರು ಸಿಸ್ಟರ್. “ಇವಳ ವೈಫೈ ನಂಗೆ ಬೇಡ.”

“ನಿಮ್ಮಿಬ್ಬರ ಮಧ್ಯೆ ಏನಾದ್ರೂ ಮಾಡ್ಕೊಳ್ಳಿ ಸಿಸ್ಟರ್. ನೀವು ನನ್ನ ಕರೆದಿದ್ದು ಇದನ್ನ ಸರಿ ಮಾಡೋಕೆ,” ಎಂದು ವೈಫೈ ಅಕ್ಕ ಟೀಚರ್ ಫೋನ್ ತೆಗೆದುಕೊಂಡು ಬ್ಲಾಕ್ ತೆಗೆದಳು. ಸ್ವಲ್ಪ ಹೊತ್ತಿನಲ್ಲೇ ಸಿಸ್ಟರ್ ಫೋನು ಟಿಣ್ ಟಿಣ್ ಎನ್ನತೊಡಗಿತು. ತಡೆದಿಟ್ಟಿದ್ದ ಸಂದೇಶಗಳೆಲ್ಲ ಒಂದರ ಮೇಲೊಂದು ಬಂದು ಬಿದ್ದವು. ಯಾರೂ ಅದರ ಕಡೆ ನೋಡಲಿಲ್ಲ.

ಅಂದು ವೈಫೈ ಅಕ್ಕನಿಗೆ ಊಟ ಸೇರಲಿಲ್ಲ. ಟೈಲರ್ ಏನೂ ಕೇಳದೆ ಅವಳ ತಟ್ಟೆಗೆ ಇನ್ನಷ್ಟು ಬಡಿಸಿ, ಬಿಟ್ಟದ್ದನ್ನು ತಾನೇ ಉಂಡ. ತಾನು ಮಾಡಿದ್ದು ಸರಿಯೇ ಎಂಬ ಹುಳ ಅವಳ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಆ ಹೆಂಗಸು ಮಾತ್ರೆ ಬಿಟ್ಟು ಎಲ್ಲಾದರೂ ಬಿದ್ದರೆ, ಅದರಲ್ಲಿ ತನ್ನ ಬೆರಳೂ ಇರುತ್ತದಲ್ಲ? ಮರುದಿನ ತಡೆಯಲಾಗದೆ ಸಿಸ್ಟರಿಗೆ ಫೋನ್ ಮಾಡಿದಳು.

“ಸಿಗ್ನಲ್ ಹೇಗಿದೆ ಸಿಸ್ಟರ್?”

“ಚೆನ್ನಾಗಿದೆ. ಮಾತ್ರೆ ಇನ್ನೂ ತಗೊಂಡಿಲ್ಲ. ನೀನು ಕೇಳೋಕೆ ಹೊರಟಿದ್ದು ಅದೇ ತಾನೆ?”

ವೈಫೈ ಅಕ್ಕ ಫೋನ್ ಇಡಲಿಲ್ಲ. ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು. “ನನ್ನ ತಂಗಿ ಎಲ್ಲೋ ದೂರದಲ್ಲಿ ಒಬ್ಬ ಡಾಕ್ಟರನ್ನ ಹುಡುಕಿದ್ದಾಳೆ. ಅಲ್ಲಿ ನನ್ನ ಗುರುತಿನವರು ಯಾರೂ ಇಲ್ವಂತೆ. ನೋಡೋಣ.”

ನೋಡೋಣ ಎಂದವರು ಹೋಗಲು ಇನ್ನೂ ಕೆಲವು ದಿನ ಹಿಡಿದವು. ನಡುವೆ ಅಕ್ಕತಂಗಿಯರ ಮಾತು ಒಮ್ಮೆ ಪೂರ್ತಿ ನಿಂತೂ ಹೋಗಿತ್ತು. ಕೊನೆಗೆ ಟೀಚರ್ ಟ್ಯೂಷನ್ನಿಗೆ ರಜೆ ಕೊಟ್ಟು, ಆಟೋ ತಂದು ಗೇಟಿನ ಮುಂದೆ ನಿಲ್ಲಿಸಿದರು. ಸಿಸ್ಟರ್ ಬೈಯುತ್ತಲೇ ಹತ್ತಿದರು. ಡಾಕ್ಟರು ಪರೀಕ್ಷೆ ಮಾಡಿಸಿ, ಹಳೆಯ ಮಾತ್ರೆಯ ಬದಲು ಬೇರೆ ಕೊಟ್ಟರು. ಇದನ್ನು ತೆಗೆದುಕೊಂಡಾಗ ಕೈ ನಡುಗಲಿಲ್ಲ. “ಹಾಗಂತ ಆ ವಿಡಿಯೋದವನು ಹೇಳಿದ್ದೆಲ್ಲ ಸುಳ್ಳಲ್ಲ,” ಎಂಬ ಹಟವನ್ನು ಮಾತ್ರ ಸಿಸ್ಟರ್ ಬಿಡಲಿಲ್ಲ. ಈಗಲೂ ನೋಡುತ್ತಾರೆ, ಮಹಡಿಗೆ ಹೋಗಿ ಜೋರಾಗಿ ಹಾಕಿಕೊಂಡು. ಟೀಚರ್ ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುತ್ತ ಆತನ ಮಾತುಗಳಿಗೂ ತಪ್ಪು ಹಾಕುತ್ತಾರೆ.

ಮಳೆಗಾಲ ಕಳೆದ ಮೇಲೆ ಸಿಸ್ಟರ್ ಫೋನು ಬಟ್ಟೆ ನೆನೆಹಾಕಿದ ಬಕೆಟ್ಟಿಗೆ ಬಿದ್ದು ಸತ್ತೇಹೋಯಿತು. ಹೊಸದನ್ನು ಸಜ್ಜು ಮಾಡಿಕೊಡಲು ವೈಫೈ ಅಕ್ಕ ಹೋದಳು. ಹೆಸರು, ನಂಬರುಗಳು ಒಳಗೆ ಬರುವವರೆಗೆ ಕುರ್ಚಿಯಲ್ಲಿ ಕೂತಳು. ಸಿಸ್ಟರ್ ಅವಳ ಪಾದವನ್ನೇ ನೋಡುತ್ತಿದ್ದರು.

“ಕಾಲು ಯಾಕಮ್ಮ ಹೀಗೆ ಊದಿದೆ?”

“ಓಡಾಟ ಜಾಸ್ತಿ ಸಿಸ್ಟರ್. ಸಂಜೆ ಹೊತ್ತಿಗೆ ಹೀಗೇ.”

“ಸಂಜೆಯಾ? ಈಗಿನ್ನೂ ಬೆಳಿಗ್ಗೆ.” ಒಳಗಿನಿಂದ ಬಿಪಿ ನೋಡುವ ಪಟ್ಟಿ ತಂದು ಅವಳ ತೋಳಿಗೆ ಬಿಗಿದರು. ಗಾಳಿ ಇಳಿಯುವಾಗ ಅವರ ಹುಬ್ಬು ಗಂಟಾಯಿತು. ಇನ್ನೊಮ್ಮೆ ನೋಡಿದರು.

“ಜಾಸ್ತಿ ಇದೆ. ಒಳ್ಳೇದಲ್ಲ. ಯಾವಾಗ ತೋರಿಸಿದ್ದೆ?”

“ಈ ವಾರ ಎರಡು ಮನೆ ಮುಗಿಸಿ ಆಮೇಲೆ…”

“ಆಮೇಲೆ ಅನ್ನೋದು ನನ್ನ ಮಾತು, ನೀನು ಆಡ್ಬೇಡ,” ಎಂದು ಸಿಸ್ಟರ್ ಮಹಡಿಯ ಕಡೆ ಮುಖ ಮಾಡಿ ಕೂಗಿದರು. “ಏ, ಆಟೋ ತರಿಸೇ. ಇವಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು.”

ವೈಫೈ ಅಕ್ಕ ಗಂಡನಿಗೆ ಫೋನ್ ಮಾಡಿ, ಬರುವುದು ತಡವಾಗುತ್ತದೆ ಎಂದು ಹೇಳುವಷ್ಟರಲ್ಲಿ ಟೀಚರ್ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದಿದ್ದರು. ಆಟೋದಲ್ಲಿ ಅಕ್ಕತಂಗಿಯರು ಅವಳನ್ನು ನಡುವೆ ಕೂರಿಸಿಕೊಂಡರು. ಡಾಕ್ಟರಿಗೆ ಏನೇನು ಹೇಳಬೇಕೆಂದು ಇಬ್ಬರೂ ದಾರಿಯುದ್ದಕ್ಕೂ ಒಟ್ಟಿಗೇ ಹೇಳಿಕೊಡುತ್ತಿದ್ದರು, ಅವಳು ಎರಡೂ ಕಡೆ ತಲೆಯಾಡಿಸುತ್ತ ಕೂತಿದ್ದಳು.