ಆಮೆ ಊಟ ಬಿಟ್ಟ ವಾರ

ನಾವು ಏಲೂರಿನ ಕ್ವಾರ್ಟರ್ಸಿನಲ್ಲಿದ್ದಾಗ, ಎದುರುಮನೆಯವರು ದುಬೈಗೆ ಹೊರಟ ದಿನ ಒಂದು ಪ್ಲಾಸ್ಟಿಕ್ ಟಬ್ ತಂದು ನಮ್ಮ ಬಾಗಿಲಲ್ಲಿಟ್ಟರು. ಒಳಗೆ ಅಂಗೈಯಗಲದ ನೀರಾಮೆ. ಕಣ್ಣಿನ ಹಿಂದೆ ಕೆಂಪು ಪಟ್ಟಿ. ಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಐದು ವರ್ಷದ ಮಗಳು ಟಬ್ಬಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಾಗಿತ್ತು.

ಅವಳು ಅದನ್ನು ‘ಚೇಟ್ಟನ್’ ಎಂದು ಕರೆಯತೊಡಗಿದಳು. ಮಲಯಾಳದಲ್ಲಿ ಅಣ್ಣ ಎಂದರ್ಥ. ಒಬ್ಬಳೇ ಮಗಳು, ಇಲ್ಲೇ ಹುಟ್ಟಿ ಬೆಳೆದವಳು. ನಾವು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುವವಳು. ಗಂಡೋ ಹೆಣ್ಣೋ ಎಂದು ನಾವ್ಯಾರೂ ಯೋಚಿಸಲಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಒಂದು ಬೆಕ್ಕನ್ನೂ ಸಾಕಿದವರಲ್ಲ. ಆಮೆ ಸಾಕುವುದನ್ನು ನಾನು ಆಮೆಯಿಂದಲೇ ಕಲಿತೆ. ನಲ್ಲಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿಟ್ಟು ಆಮೇಲೆ ಹಾಕಬೇಕು. ಬಿಸಿಲು ಕಾಯಲು ನೀರಿನ ಮೇಲೆ ಎದ್ದು ನಿಲ್ಲುವಂತೆ ಇಟ್ಟಿಗೆ ಇಡಬೇಕು. ಹರಿವೆ ಸೊಪ್ಪು ಸಾಲದು, ಒಣಸೀಗಡಿಯೂ ಬೇಕು. ಸೀಗಡಿಯ ಡಬ್ಬವನ್ನು ಅಡುಗೆಮನೆಗೆ ತರಲು ಮನಸ್ಸಾಗದೆ ವರ್ಷಗಟ್ಟಲೆ ಬಾಲ್ಕನಿಯಲ್ಲೇ ಇಟ್ಟಿದ್ದೆ.

ನಾಲ್ಕು ವರ್ಷದ ನಂತರ ನಮ್ಮ ಮನೆಯವರಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಉಳ್ಳೂರಿನಲ್ಲಿ ಒಂದು ಮನೆಯ ಮಹಡಿ ಬಾಡಿಗೆಗೆ ಸಿಕ್ಕಿತು. ಕೆಳಗೆ ಮನೆಯ ಒಡತಿ ಒಬ್ಬರೇ ಇದ್ದರು. ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಮಗಳಿಗೂ ನನಗೂ ಅವರು ಆಂಟಿ.

ಅಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲೇ ಆಮೆ ಊಟ ಬಿಟ್ಟಿತು.

“ಅಮ್ಮಾ, ಚೇಟ್ಟನ್ ಒನ್ನುಂ ತಿನ್ನುನ್ನಿಲ್ಲ,” ಎಂದು ಮಗಳು ದೂರು ತಂದಳು. ಸೀಗಡಿಯನ್ನೂ ಅದು ಮೂಸಿ ನೋಡಲಿಲ್ಲ. ಇಡೀ ದಿನ ಟಬ್ಬಿನ ಗೋಡೆ ಹತ್ತುವುದು, ಜಾರಿ ಬೀಳುವುದು, ಹಿಂಗಾಲಿನಿಂದ ಇಟ್ಟಿಗೆಯನ್ನು ಕೆರೆಯುವುದು. ಒಮ್ಮೆ ಅಂಚು ದಾಟಿ ಹೊರಗೆ ಬಿದ್ದೂಬಿಟ್ಟಿತು. ಹೊಸ ಊರಿನ ನೀರು ಒಗ್ಗಲಿಲ್ಲವೇನೋ ಅಂದುಕೊಂಡೆ. ಒಂದು ವಾರವಾದ ಮೇಲೆ ಬಕೆಟ್ಟಿನಲ್ಲಿ ಒದ್ದೆ ಬಟ್ಟೆ ಹಾಸಿ, ಅದನ್ನು ಕೂರಿಸಿಕೊಂಡು ಪ್ರಾಣಿಗಳ ಡಾಕ್ಟರ ಹತ್ತಿರ ಹೋದೆವು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಮೆಯನ್ನು ಮಗುಚಿ, ಬಾಲ ನೋಡಿ, ಮುಂಗಾಲಿನ ಉಗುರು ನೋಡಿ ನಕ್ಕರು. ಎಕ್ಸ್‌ರೇ ತೆಗೆಸಿ ಪರದೆ ತೋರಿಸಿದರು. ಚಿಪ್ಪಿನೊಳಗೆ ಆರು ಬಿಳಿ ಮೊಟ್ಟೆಗಳು, ಒಂದಕ್ಕೊಂದು ಒತ್ತಿಕೊಂಡು.

“ಗಂಡಾಮೆ ಜೊತೆಯಲ್ಲಿಲ್ಲದಿದ್ದರೂ ಮೊಟ್ಟೆ ಕಟ್ಟುತ್ತದೆ,” ಎಂದರು. “ಆದರೆ ಮಣ್ಣು ಸಿಗದಿದ್ದರೆ ಇಡುವುದಿಲ್ಲ, ಒಳಗೇ ತಡೆದುಕೊಳ್ಳುತ್ತದೆ. ಅದು ಅಪಾಯ. ನಾಲ್ಕು ದಿನ ನೋಡಿ. ಆಗದಿದ್ದರೆ ಇಂಜೆಕ್ಷನ್ ಕೊಡಬೇಕಾಗುತ್ತದೆ.”

“ಅಪ್ಪೋ ಚೇಟ್ಟನಲ್ಲ, ಚೇಚಿ!” ಎಂದು ಮಗಳು ಕೂಗಿದಳು. ಅಣ್ಣ ಆ ಗಳಿಗೆಗೆ ಅಕ್ಕನಾದ.

ದೊಡ್ಡ ಟ್ರೇಯಲ್ಲಿ ಮಣ್ಣು, ಮರಳು ತುಂಬಿಸಿ ಬಾಲ್ಕನಿಯಲ್ಲಿಟ್ಟೆವು. ಎರಡು ದಿನ ಅದು ಅದರ ಮೇಲೆ ಓಡಾಡಿತೇ ಹೊರತು ಅಗೆಯಲಿಲ್ಲ. ನನಗೆ ಭಯ ಶುರುವಾಯಿತು. ಮೂರನೇ ದಿನ ಮಧ್ಯಾಹ್ನ ಆಂಟಿ ಮೇಲೆ ಬಂದು ನೋಡಿದರು.

“ಇಷ್ಟು ತೆಳ್ಳಗೆ ಮಣ್ಣು ಹಾಕಿದರೆ ಹೇಗೆ? ಕೆಳಗೆ ಕರಿಬೇವಿನ ಗಿಡದ ಹತ್ತಿರ ಬಿಡಿ,” ಎಂದರು.

ಗಿಡದ ಸುತ್ತ ಇಟ್ಟಿಗೆ ಜೋಡಿಸಿ ಬಿಟ್ಟೆವು. ನಮ್ಮ ಮನೆಯವರೂ ಸೇರಿ ನಾವು ಮೂವರೂ ಬಗ್ಗಿ ನೋಡುತ್ತಿದ್ದುದನ್ನು ಕಂಡು ಆಂಟಿ ಗದರಿದರು: “ಸುತ್ತ ಇಷ್ಟು ಜನ ನಿಂತರೆ ಯಾರಿಗೆ ತಾನೇ ಹೆರಿಗೆಯಾಗುತ್ತದೆ? ಬನ್ನಿ ಈಚೆ.”

ಅವರ ಕಿಟಕಿಯ ಹಿಂದೆ ನಿಂತು ನೋಡಿದೆವು. ಆಮೆ ಮೂರು ಕಡೆ ಕೆರೆದು ಬಿಟ್ಟು, ನಾಲ್ಕನೆಯ ಜಾಗದಲ್ಲಿ ನಿಂತಿತು. ಗಟ್ಟಿ ಮಣ್ಣಿನ ಮೇಲೆ ತಾನೇ ನೀರು ಬಿಟ್ಟು ಮೆತ್ತಗೆ ಮಾಡಿಕೊಂಡಿತು. ಅಷ್ಟು ನೀರನ್ನು ಒಳಗೆಲ್ಲಿ ಇಟ್ಟುಕೊಂಡಿತ್ತೋ! ಒಂದು ಹಿಂಗಾಲು, ಆಮೇಲೆ ಇನ್ನೊಂದು, ಹೀಗೆ ಸರದಿಯಂತೆ ಅಗೆಯಿತು. ಗುಂಡಿಯನ್ನು ಒಮ್ಮೆಯೂ ತಿರುಗಿ ನೋಡಲಿಲ್ಲ. ಮೊಟ್ಟೆ ಬಿದ್ದಾಗಲೆಲ್ಲ ಕಾಲಿನಿಂದ ತಡವಿ, ಮೆಲ್ಲಗೆ ಕೆಳಗೆ ಸರಿಸುತ್ತಿತ್ತು. ಮಗಳು ಪಿಸುದನಿಯಲ್ಲಿ ಎಣಿಸುತ್ತಿದ್ದಳು. ಆರಾದಾಗ ನನ್ನ ಕೈ ಹಿಸುಕಿದಳು. ಆಂಟಿ ಗಡಿಯಾರ ನೋಡಿ, ಹಳೆಯ ಅಭ್ಯಾಸವಿರಬೇಕು, “ನಾಲ್ಕೂ ಇಪ್ಪತ್ತು” ಎಂದರು.

ಮಣ್ಣು ಮುಚ್ಚಿ, ಹೊಟ್ಟೆಯಿಂದ ಒತ್ತಿ ಗಟ್ಟಿ ಮಾಡಿ, ಆಮೆ ಸೀದಾ ಹೊರಟುಬಿಟ್ಟಿತು. ಟಬ್ಬಿಗೆ ಬಿಟ್ಟ ಕೂಡಲೇ ಎಂಟು ಸೀಗಡಿ ತಿಂದಿತು. ನಾನು ನೆಮ್ಮದಿಯಿಂದ ಕೂತು ಕಾಫಿ ಕುಡಿದೆ. ಮಗಳಿಗೆ ಮಾತ್ರ ಸಮಾಧಾನವಿಲ್ಲ.

“ಅದು ಯಾಕಮ್ಮಾ ನೋಡ್ಲೇ ಇಲ್ಲ?” ಎಂದು ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು.

ಮೊಟ್ಟೆ ಒಡೆದು ಮರಿ ಬರುವುದಿಲ್ಲ ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ಆದರೂ ಮಗಳು ನಂಬದೆ ಎರಡು ತಿಂಗಳು ಕಾದಳು. ಆಮೇಲೆ ತಾನೇ ಅಗೆದಳು. ಸಿಕ್ಕಿದ್ದು ಐದೇ ಮೊಟ್ಟೆ. ಒಂದನ್ನು ಇರುವೆ ತಿಂದಿರಬೇಕು ಎಂದರು ಆಂಟಿ. ಕೀರಿ ಎಂದರು ನಮ್ಮ ಮನೆಯವರು. ಅವಳು ಇಬ್ಬರ ಮಾತನ್ನೂ ಒಪ್ಪದೆ, ಸಂಜೆಯವರೆಗೆ ಅಂಗಳದ ಮೂಲೆಮೂಲೆಯಲ್ಲಿ ಎಲೆ ಸರಿಸಿ ಹುಡುಕುತ್ತಿದ್ದಳು.