ಒಂದೇ ಎಳೆತಕ್ಕೆ ಬಿಚ್ಚದ ಕೋಟು

ನಮ್ಮ ಬೀದಿಯ ದರ್ಜಿಗೆ ಎರಡೆಳೆ ಎಂದೇ ಹೆಸರು. ಬೇರೆಯವರು ಒಂದೆಳೆ ದಾರದಲ್ಲಿ ಮುಗಿಸುವ ಗುಂಡಿಗೆ ಈತ ಎರಡೆಳೆ ಹಾಕಿ, ಮೇಣ ಸವರಿ, ಸುತ್ತಿನ ಮೇಲೆ ಸುತ್ತು ಸುತ್ತಿ, ಕೊನೆಗೆ ಹಲ್ಲಿನಲ್ಲಿ ಕಡಿಯುತ್ತಿದ್ದ. ಅಂಗಿ ಹರಿದು ಚಿಂದಿಯಾದರೂ ಗುಂಡಿ ಮಾತ್ರ ಜಪ್ಪಯ್ಯ ಎಂದರೂ ಕಿತ್ತುಬರದು. ಹೇಳಿದ ಹೊತ್ತಿಗೆ ಬಟ್ಟೆ ಕೊಟ್ಟದ್ದು ಮಾತ್ರ ಯಾರಿಗೂ ನೆನಪಿಲ್ಲ. ತನ್ನ ಮದುವೆಯ ಕೋಟಿಗೇ ಒಂದು ತೋಳನ್ನು ಮದುವೆಮನೆಯ ಮೂಲೆಯಲ್ಲಿ ಕೂತು ಸೇರಿಸಿಕೊಂಡ ಮಹಾನುಭಾವ ಆತ.

ಅವನ ಮಗಳಿಗೆ ಹಗಲು ಕನ್ನಡಕದ ಅಂಗಡಿಯಲ್ಲಿ ಕೆಲಸ, ಸಂಜೆ ನಾಟಕ. ಇಪ್ಪತ್ತನಾಲ್ಕು ತುಂಬಿದ ಮೇಲೆ ಮೊದಲ ಸಲ ದೊಡ್ಡ ಪಾತ್ರ ಸಿಕ್ಕಿತ್ತು. ಗಿಟಾರು, ಡ್ರಮ್ಮು ಎಲ್ಲ ಇರುವ ರಾಕ್ ನಾಟಕ. ಪ್ರಾಯದವರ ಆಸೆ, ಮೈಯ ಗುಟ್ಟು, ದೊಡ್ಡವರು ಬಾಯಿಬಿಟ್ಟು ಹೇಳದೆ ನುಂಗಿಕೊಂಡದ್ದು, ಇದೇ ಕಥೆ. ಏಳು ಜನಕ್ಕೆ ಬೂದು ಬಣ್ಣದ ಕೋಟು ಬೇಕೆಂದು ಅವಳೇ ಅಪ್ಪನಿಗೆ ಕೆಲಸ ತಂದಳು.

"ಕುತ್ತಿಗೆವರೆಗೂ ಮುಚ್ಚಿರ್ಬೇಕು. ಆದ್ರೆ ಟಿಚ್ ಬಟನ್ ಹಾಕಪ್ಪ. ಕೊನೇ ಹಾಡಲ್ಲಿ ಒಂದೇ ಎಳೆತಕ್ಕೆ ಬಿಚ್ಕೊಂಡ್ಬಿಡ್ಬೇಕು."

ಎರಡೆಳೆಯ ಕೈಯಲ್ಲಿದ್ದ ಕತ್ತರಿ ನಿಂತಿತು. "ಒಳಗೇನು ಹಾಕ್ಕೊಂಡಿರ್ತೀಯಾ?"

"ನೋಡಿದಾಗ ಗೊತ್ತಾಗುತ್ತೆ," ಎಂದು ನಕ್ಕು ಹೋದಳು.

ಆ ನಗು ಅವನ ನಿದ್ದೆ ಕೆಡಿಸಿತು. ಬೇಡವೆನ್ನಲು ಬಾಯಿಲ್ಲ. ಒಮ್ಮೆ ನಾಟಕ ಬೇಡವೆಂದಿದ್ದಕ್ಕೆ ಅವಳು ಒಂದು ತಿಂಗಳು ಮಾತು ಬಿಟ್ಟಿದ್ದಳು. ಕೊನೆಗೆ ಒಂದು ಉಪಾಯ ಹೊಳೆಯಿತು. ಅವಳ ಕೋಟೊಂದನ್ನು ಮಾತ್ರ ತಡಮಾಡಿದ. ಅವನು ತಡಮಾಡಿದರೆ ಯಾರಿಗೆ ತಾನೇ ಅನುಮಾನ ಬಂದೀತು?

ಆಟ ಶುರುವಾಗುವ ಹೊತ್ತಿಗೆ ಬಣ್ಣದ ಕೋಣೆಗೆ ಓಡಿ, ಕೋಟನ್ನು ತಾನೇ ಮಗಳಿಗೆ ತೊಡಿಸಿ, ಟಿಚ್ ಬಟನ್‌ಗಳನ್ನು ಒಂದೊಂದಾಗಿ ಒತ್ತಿದ. "ಒಂದು ದಾರ ಸಡಿಲ ಇದೆ, ಅಲ್ಲಾಡ್ಬೇಡ," ಎಂದು ಮೈಮೇಲೆಯೇ ಕೋಟಿನ ಎರಡೂ ಅಂಚು ಸೇರಿಸಿ ನಾಲ್ಕು ಹೊಲಿಗೆ ಹಾಕಿದ. ಅವಳು ಕಣ್ಣುಮುಚ್ಚಿ ಸ್ವರ ಹದಮಾಡಿಕೊಳ್ಳುತ್ತಿದ್ದಳು. ಎರಡೆಳೆ ದಾರ, ಮೇಣ ಸವರಿದ್ದು. ಇನ್ನು ಆನೆ ಬಂದು ಎಳೆದರೂ ಅಷ್ಟೇ ಎಂದುಕೊಂಡು, ಗೆದ್ದವನಂತೆ ಹೋಗಿ ಹೆಂಡತಿಯ ಪಕ್ಕ ಕೂತ.

ಮೊದಲ ಹಾಡಿಗೇ ಕುರ್ಚಿ ನಡುಗಿತು. ಮಕ್ಕಳು ಎಲ್ಲಿಂದ ಬರ್ತವೆ ಎಂದು ಕೇಳಿದವಳಿಗೆ ಅಮ್ಮ, ಅಜ್ಜಿ, ಟೀಚರು ಒಬ್ಬೊಬ್ಬರೂ ಹವಾಮಾನದ ಬಗ್ಗೆ ಹೇಳುವ ಹಾಡು. ಎರಡನೆಯದು ಮುತ್ತಿನ ಮೇಲೆ. ಮೂರನೆಯದು ಯಾವುದರ ಮೇಲೆ ಎಂಬುದು ಅರ್ಥವಾಗುತ್ತಲೇ ಎರಡೆಳೆ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿದ. ಆ ಚಪ್ಪಲಿಗೆ ಪಟ್ಟಿಯೇ ಇರಲಿಲ್ಲ.

"ಏಳ್ರೀ ಮೇಲೆ, ಚೆನ್ನಾಗಿದೆ," ಎಂದಳು ಹೆಂಡತಿ. "ನಮ್ಗೂ ಯಾರಾದ್ರೂ ಹೀಗೆ ಹಾಡಿ ಹೇಳಿದ್ರೆ, ಮದುವೆಯಾದ ಮೊದಲ ವಾರ ನೀವು ಪರದೆ ಹೊಲೀತಾ ಕೂರ್ತಿರ್ಲಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದ ಎರಡೆಳೆ.

ಕೊನೆಯ ಹಾಡು ಬಂತು. ಏಳು ಜನ ಸಾಲಾಗಿ ನಿಂತರು. ಡ್ರಮ್ಮು ಗುಡುಗಿತು. ಟಪ್ ಟಪ್ ಎಂದು ಆರು ಕೋಟು ಹಾರಿ ಬಿದ್ದವು. ಒಳಗೆ ನೀಲಿ, ಹಸಿರು, ಹಳದಿ ಅಂಗಿಗಳು. ಏಳನೆಯದು ಮಿಸುಕಲಿಲ್ಲ. ಮಗಳು ಎಳೆದಳು. ಪಕ್ಕದ ಹುಡುಗ ಕೈಹಚ್ಚಿದ. ಕೋಟಿನ ಜೊತೆ ಅವಳೇ ವೇದಿಕೆಯ ಆ ತುದಿಯವರೆಗೆ ಹೋಗಿ ಬಂದಳು. ಡ್ರಮ್ಮಿನವನು ಬಾರಿಸಿದ್ದನ್ನೇ ಬಾರಿಸಿದ. ಅವಳ ಬಾಯಿ ಹಾಡುತ್ತಿತ್ತು, ಕಣ್ಣು ತುಂಬಿಕೊಂಡಿತ್ತು. ಮರ್ಯಾದೆ ಉಳಿಸಲು ಹೋಗಿ ಎರಡೆಳೆ ಮಗಳ ಮರ್ಯಾದೆಯನ್ನು ಊರೆದುರು ತಾನೇ ಕಳೆದಿದ್ದ.

ಹೆಂಡತಿ ಅವನತ್ತ ತಿರುಗಿದಳು. "ಏನ್ ಮಾಡಿದ್ರಿ?"

"ನಾಲ್ಕು ಹೊಲಿಗೆ."

"ಎಷ್ಟೆಳೆ?"

ಅವನು ಎರಡು ಬೆರಳು ಎತ್ತಿದ.

"ಎದ್ದು ಹೋಗಿ. ಮಾಡಿದ್ದುಣ್ಣೋ ಮಹರಾಯ!"

ಎರಡೆಳೆ ಹೋದ. ಮೊಣಕಾಲುಗಳನ್ನು ದಾಟಿ, ಕಾಲುಗಳನ್ನು ತುಳಿದು, ವೇದಿಕೆ ಹತ್ತಿ, ಜೇಬಿನ ಪುಟ್ಟ ಕತ್ತರಿ ತೆಗೆದ. ಮಗಳು ಕಣ್ಣರಳಿಸಿ ನೋಡಿದಳು.

"ತಪ್ಪಾಯ್ತಮ್ಮ. ಅಲ್ಲಾಡ್ಬೇಡ."

ಡ್ರಮ್ಮಿನವನು ತಾಳ ಇಳಿಸಿದ. ಸಭಾಂಗಣ ಉಸಿರು ಬಿಗಿಹಿಡಿದು ನೋಡುತ್ತಿರುವಾಗ ಒಬ್ಬ ಬೋಳುತಲೆಯ ಅಪ್ಪ ಕುತ್ತಿಗೆಯಿಂದ ಶುರುಮಾಡಿ ಒಂದೊಂದೇ ಹೊಲಿಗೆ ಕತ್ತರಿಸಿದ. ಕೋಟು ಕಳಚಿ ಬಿತ್ತು.

ಒಳಗೆ ಕತ್ತಿನವರೆಗೂ ಮುಚ್ಚಿದ ಕೆಂಪು ಅಂಗಿ. ಕಾಲರು ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಎಡತೋಳು ತಿರುಚಿಕೊಂಡಿತ್ತು. ಆ ಬಟ್ಟೆ ತನ್ನ ಅಂಗಡಿಯದೇ ಎಂದು ಅವನಿಗೆ ನೋಡುತ್ತಲೇ ತಿಳಿಯಿತು. ಸೂಜಿ ಮುಟ್ಟೆನೆಂದು ಹಟ ಹಿಡಿದಿದ್ದ ಮಗಳು ಅವನಿಲ್ಲದಾಗ ಅವನ ಮಿಷನ್ನಿನಲ್ಲೇ ಕೂತು ಹೊಲಿದುಕೊಂಡಿದ್ದಳು. ನೋಡಿದಾಗ ಗೊತ್ತಾಗುತ್ತೆ ಎಂದದ್ದು ಇದನ್ನೇ.

ಚಪ್ಪಾಳೆಗೆ ಸೂರು ಹಾರಿಹೋಗುವುದೊಂದು ಬಾಕಿ. ನಾಟಕವೇ ಹೀಗೆ ಎಂದುಕೊಂಡಿದ್ದ ಜನ ಎದ್ದು ನಿಂತಿದ್ದರು. ತೆರೆ ಬಿದ್ದ ಮೇಲೆ ನಿರ್ದೇಶಕಿ ಓಡಿಬಂದು ಕೈ ಹಿಡಿದಳು. "ನಾಳೆನೂ ಬರ್ಬೇಕು, ಸರ್. ದಿನಾ ಬರ್ಬೇಕು. ಇದನ್ನ ಬಿಡೋ ಹಾಗಿಲ್ಲ."

ಮಗಳು ಆ ರಾತ್ರಿ ಅವನ ಜೊತೆ ಮಾತಾಡಲಿಲ್ಲ. "ತೋಳು ಬಿಚ್ಚಿ ಕೊಡು, ಸರಿಮಾಡ್ತೀನಿ," ಎಂದದ್ದಕ್ಕೆ ಮಾತ್ರ, "ಸೊಟ್ಟ ಇದ್ರೂ ನಂದು, ಮುಟ್ಬೇಡ," ಎಂದಳು.

ಮರುದಿನ ಅವನು ಜೀವನದಲ್ಲಿ ಮೊದಲ ಸಲ ಹೊತ್ತಿಗೆ ಮುಂಚೆಯೇ ಬಂದ. ಕೋಟು ತೊಡಿಸಿ ಸೂಜಿ ಪೋಣಿಸಿದ. ಮಗಳು ಅವನ ಬೆರಳುಗಳನ್ನೇ ನೋಡುತ್ತಿದ್ದಳು.

"ಗಟ್ಟಿಯಾಗಿ ಹಾಕ್ಬೇಡಪ್ಪ."

"ಒಂದೇ ಎಳೆ ಹಾಕಿದ್ದೀನಿ, ಮೇಣನೂ ಇಲ್ಲ," ಎಂದ ಎರಡೆಳೆ. "ನಾನು ಬರೋದು ತಡವಾದ್ರೆ ಕಾಯ್ಬೇಡ. ನೀನೇ ಎಳ್ಕೋ, ಬಿಚ್ಚುತ್ತೆ."